ಮಗಳ ಮಾತು ಕೇಳ್ತಿತ್ತಾ

ಜನವರಿ ೧೧

ನಿನಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರಬೇಕು, ಇಲ್ಲದಿದ್ದರೆ ಗಿಡ್ಡಿ ಹೇಳುತ್ತಿದ್ದಳು. ವಿಳಾಸ ಕೊಟ್ಟವಳೂ ಅವಳೇ. ಮೊಳೆ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೆಷೀನಿನಲ್ಲಿದ್ದ ಅವಳಿಗೆ ನೀನು ತಿಂಗಳು ತಿಂಗಳೂ ಕಾಗದ ಬರೆಯುತ್ತೀಯಂತೆ. ಬರೆ. ನನಗೇನು.

ಕೆಲಸದ ಮಾತಿಗೆ ಬರುತ್ತೇನೆ. ನನಗೆ ಕಿವಿ ಹೋಗಿದೆ. ಪೂರಾ ಹೋಗಿಲ್ಲ, ಆದರೆ ಎದುರಿಗೆ ನಿಂತು ಬಾಯಿ ತೋರಿಸದಿದ್ದರೆ ಯಾರ ಮಾತೂ ತಿಳಿಯುವುದಿಲ್ಲ. ಫೋನಿನಲ್ಲಂತೂ ಬರೀ ಗುಂಯ್. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ತಪ್ಪು ಹುಡುಕುತ್ತ ಕೂರಬೇಡ.

ಕಾರ್ಖಾನೆಯ ಸದ್ದಿನಿಂದ ಕಿವಿ ಹೋಯಿತು, ಪರಿಹಾರ ಕೊಡಿ ಎಂದು ಅರ್ಜಿ ಹಾಕಿದ್ದೇನೆ. ದೊಡ್ಡಾಸ್ಪತ್ರೆಯ ಕಿವಿ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಸದ್ದು ತಿಂದ ಕಿವಿ ಎಂದು ಬರೆದುಕೊಟ್ಟಳು. ಕಂಪನಿಯವರು ಬಿಡುತ್ತಾರೆಯೇ, ತಮ್ಮ ಕಡೆಯ ಡಾಕ್ಟರನ್ನು ತಂದರು. ಅವನು ಅದೇ ಕಿವಿ ನೋಡಿ, ಇದು ವಯಸ್ಸು ತಿಂದ ಕಿವಿ ಎಂದು ಬರೆದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ಸಿಕ್ಕಿದ್ದು ನನ್ನ ಕಿವಿ.

ಪರಿಹಾರದ ಅಧಿಕಾರಿಗೆ ಬೇಕಾದ್ದು ಒಂದೇ ಉತ್ತರ. ಕೆಲಸದಲ್ಲಿದ್ದಾಗಲೇ ಕಿವಿ ಹೋಗಿತ್ತೋ, ಬಿಟ್ಟ ಮೇಲೆ ಹೋಯಿತೋ? ನೀನು ಹೋದ ಮುಂದಿನ ತಿಂಗಳೇ ವಯಸ್ಸಾಯಿತೆಂದು ನನ್ನನ್ನು ಕೆಲಸದಿಂದ ಇಳಿಸಿದರು. ಆದ್ದರಿಂದ ನೀನು ಮನೆಯಲ್ಲಿದ್ದಾಗ ನನಗೆ ಕಿವಿ ಇತ್ತೋ ಇಲ್ಲವೋ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಅದನ್ನು ಹೇಳಬಲ್ಲವಳು ನೀನೊಬ್ಬಳೇ. ಎರಡು ಸಾಲು ಬರೆದು ಸಹಿ ಹಾಕಿ ಕಳಿಸು.

ಪರಿಹಾರ ಬಂದರೆ ಕಿವಿಗೆ ಮೆಷೀನು ಹಾಕಿಸಬಹುದು ಎನ್ನುತ್ತಾಳೆ ಡಾಕ್ಟರಮ್ಮ. ಆಗ ಫೋನೂ ಕೇಳಿಸುತ್ತದಂತೆ. ಯಾರ ಫೋನು, ಅದು ಬೇರೆ ಮಾತು.

ಎರಡು ಸಾಲು ಸಾಕು. ಬೇರೇನೂ ಬರೆಯಬೇಕಿಲ್ಲ.

ಅಮ್ಮ

ನಿನ್ನ ಕೊಡೆ ಬಾಗಿಲ ಹಿಂದೆಯೇ ಇದೆ. ಅಲ್ಲಿ ಮಳೆ ಬಂದರೆ ಏನು ಮಾಡುತ್ತೀಯೋ.


ಫೆಬ್ರವರಿ ೨

ಅಮ್ಮ,

ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡು ಒಡೆಯಲು ಧೈರ್ಯವಾಗದೆ ಒಂದು ದಿನ ಹಾಗೇ ಇಟ್ಟೆ. ಮೂರು ವರ್ಷದ ಮೇಲೆ ಬಂದ ಕಾಗದ. ಒಡೆದರೆ ಒಳಗಿದ್ದದ್ದು ಕೇಸು.

ನಾನು ಇಲ್ಲಿ ಕನ್ನಡಕದ ಗಾಜು ಉಜ್ಜುತ್ತೇನೆ. ಕೂದಲೆಳೆಯಷ್ಟು ತಪ್ಪಿದರೂ ಯಾರದೋ ಲೋಕ ಸೊಟ್ಟಗಾಗುತ್ತದೆ. ಆದ್ದರಿಂದ ನೋಡದೆ ಯಾವುದಕ್ಕೂ ಸಹಿ ಹಾಕುವುದಿಲ್ಲ. ಕಂಪನಿಯ ಡಾಕ್ಟರು ಏನು ಬರೆದಿದ್ದಾರೆ? ಅದಕ್ಕೂ ಮೊದಲು, ನೀನು ಅವರಿಗೆ ಏನು ಹೇಳಿದೆ?

ಇನ್ನು, ನಾನು ಮನೆಯಲ್ಲಿದ್ದಾಗ ನಿನಗೆ ಕೇಳುತ್ತಿತ್ತೋ ಇಲ್ಲವೋ ನನಗೆ ಹೇಗೆ ಗೊತ್ತು? ಕೇಳಿಸಿದರೂ ಕೇಳಿಸದ ಹಾಗೆ ಇರುವುದರಲ್ಲಿ ನಿನ್ನನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಇಲ್ಲಿ ಹೊಸ ಕೊಡೆ ಕೊಂಡಿದ್ದೇನೆ.

ನಿನ್ನ ಮಗಳು


ಫೆಬ್ರವರಿ ೧೯

ನಿನಗೆ,

ಹೊಸದು ಕೊಂಡರೆ ಕೊಂಡುಕೋ. ಹಳೆಯದನ್ನು ಯಾರಿಗೂ ಕೊಡುವುದಿಲ್ಲ, ಅದು ಅಲ್ಲೇ ಇರುತ್ತದೆ.

ಡಾಕ್ಟರ ಅಭಿಪ್ರಾಯ ಎಂಬುದರ ನಕಲು ಜೊತೆಗಿದೆ. ಎರಡನೇ ಹಾಳೆ ನೋಡು. "ಮಗಳು ಮನೆಯಲ್ಲಿದ್ದಷ್ಟು ಕಾಲವೂ ಆಕೆಯ ಮಾತೆಲ್ಲವೂ ಕೇಳುತ್ತಿದ್ದುದಾಗಿ ಅರ್ಜಿದಾರಳೇ ಒಪ್ಪಿರುತ್ತಾಳೆ. ಆದ್ದರಿಂದ ಶ್ರವಣದೋಷವು ಕೆಲಸ ಬಿಟ್ಟ ನಂತರದ್ದು, ವಯೋಸಹಜವಾದದ್ದು." ಇದನ್ನು ಓದಿ ನಮ್ಮ ವಕೀಲ ಹಣೆ ಚಚ್ಚಿಕೊಂಡ. "ಏನಮ್ಮಾ ಇದು, ನೀವೇ ನಿಮ್ಮ ಕಾಲ ಮೇಲೆ ಕಲ್ಲು ಹಾಕ್ಕೊಂಡಿದ್ದೀರಲ್ಲ!"

ನಡೆದದ್ದು ಇಷ್ಟು. ಆ ಡಾಕ್ಟರಿಗೆ ಪೊರಕೆಯಂಥ ಮೀಸೆ. ಬಾಯಿ ನೋಡಿ ಮಾತು ತಿಳಿಯುವವರಿಗೆ ಮೀಸೆ ಎಂದರೆ ಮುಚ್ಚಿದ ಕಿಟಕಿ. ಕಾರ್ಖಾನೆಯಲ್ಲಿ ನಾವು ಹೆಂಗಸರು ಮೆಷೀನುಗಳ ನಡುವೆ ಹರಟುತ್ತಿದ್ದದ್ದೆಲ್ಲ ಬಾಯಿ ನೋಡಿಕೊಂಡೇ, ನಿನಗೂ ಗೊತ್ತು. ಅವನ ಬಾಯಿಂದ ಅರ್ಧ ಹಿಡಿದು ಇನ್ನರ್ಧ ಊಹೆ ಮಾಡಬೇಕಿತ್ತು.

"ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಮೊದ್ಲು?"

"ಮಗಳಿದ್ಲು."

"ಮಗಳ ಮಾತು ಕೇಳ್ತಿ..." ಉಳಿದದ್ದನ್ನು ಮೀಸೆ ನುಂಗಿತು.

ಅವನು ಕೇಳಿದ್ದು ಕೇಳ್ತಿತ್ತಾ ಅಂತೆ. ಕಿವಿಗೆ ಬೀಳುತ್ತಿತ್ತಾ ಎಂದು. ನನಗೆ ಕಂಡದ್ದು ಕೇಳ್ತಿದ್ರಾ ಎಂದು. ಮಗಳು ಹೇಳಿದ ಹಾಗೆ ನಡೆದುಕೊಳ್ಳುತ್ತಿದ್ದಿರಾ, ಅವಳ ಮಾತಿಗೆ ಬೆಲೆ ಕೊಡುತ್ತಿದ್ದಿರಾ ಎಂದು. ನನಗೆ ಎಲ್ಲೋ ಚುಚ್ಚಿತು. ಇವನಿಗ್ಯಾಕೆ ಬೇಕು ನಮ್ಮ ಮನೆಯ ಉಸಾಬರಿ? ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು, ಮಗಳ ಮಾತು ಕೇಳದೆ ಮಗಳನ್ನು ಕಳೆದುಕೊಂಡವಳು ನಾನು ಎಂದು. ಗುರುತು ಪರಿಚಯ ಇಲ್ಲದ ಒಬ್ಬನ ಮುಂದಾದರೂ ಒಳ್ಳೆಯ ತಾಯಿಯಾಗೋಣ ಅನ್ನಿಸಿತು.

"ಕೇಳ್ತಿದ್ದೆ ಡಾಕ್ಟ್ರೇ. ನನ್ನ ಮಗಳು ಹೇಳಿದ್ದೆಲ್ಲ ಕೇಳ್ತಿದ್ದೆ. ಅವಳ ಒಂದು ಮಾತೂ ತೆಗೆದುಹಾಕಿದೋಳಲ್ಲ."

"ಎಲ್ಲಾನೂ?"

"ಎಲ್ಲಾನೂ. ಹೋಗೋ ದಿನದವರೆಗೂ."

ಅವನು ಸಂತೋಷವಾಗಿ ಬರೆದುಕೊಂಡ. ಆಮೇಲೆ ಎದ್ದು ನನಗೆ ಬೆನ್ನು ಹಾಕಿ ಕೈ ತೊಳೆಯುತ್ತ ಏನೋ ಅಂದನಂತೆ. ನಾನು ಉತ್ತರ ಕೊಡಲಿಲ್ಲವಂತೆ. ಅದಕ್ಕೆ "ಮುಂಗೋಪಿ, ಪರೀಕ್ಷೆಗೆ ಸಹಕರಿಸುವುದಿಲ್ಲ" ಎಂದು ಬರೆದಿದ್ದಾನೆ. ಮುಂಗೋಪ ಸರಿಯಾಗಿ ಕಂಡುಹಿಡಿದಿದ್ದಾನೆ, ಅಷ್ಟು ದಡ್ಡನಲ್ಲ.

ಅವನಿಗೆ ಹೇಳಿದ್ದು ಸುಳ್ಳು ಎಂದು ನಿನಗೆ ಹೇಳಬೇಕಿಲ್ಲ. ಸೂಪರ್‌ವೈಸರನ ಕೈಕಾಲು ಹಿಡಿದು ನಿನಗೆ ನನ್ನ ಮೆಷೀನನ್ನೇ ಕೊಡಿಸುತ್ತೇನೆ ಎಂದಾಗ, "ಆ ಸದ್ದಿನಲ್ಲಿ ನಾನು ಸಾಯಲ್ಲ" ಅಂದೆ ನೀನು. "ಆ ಸದ್ದೇ ನಿನಗೆ ಅನ್ನ ಹಾಕಿದ್ದು" ಅಂದೆ ನಾನು. ಅಲ್ಲಿಂದ ಮುಂದೆ ನೀನು ಹೇಳಿದ್ದೊಂದನ್ನೂ ನಾನು ಕೇಳಲಿಲ್ಲ. ಯಾವ ಅರ್ಥದಲ್ಲಿ ಕೇಳಲಿಲ್ಲ ಎಂದು ಮಾತ್ರ ಕೇಳಬೇಡ.

ಬೇಗ ಬರೆದು ಕಳಿಸು.

ಅಮ್ಮ


ಮಾರ್ಚ್ ೧೫

ನಿನಗೆ,

ಉತ್ತರ ಇಲ್ಲ. ಅಂಚೆಯವನನ್ನು ಬೈದೆ. "ನಾನೇನು ನಿಮ್ಮ ಮಗಳ ಕೈ ಹಿಡ್ಕೊಂಡು ಬರೆಸ್ಲಾ ಅಮ್ಮಾ?" ಅಂದ. ಅವನಿಗೆ ಮೀಸೆ ಇಲ್ಲ, ಅಂದದ್ದು ಪೂರಾ ತಿಳಿಯಿತು.

ವಿಚಾರಣೆ ಮುಂದಿನ ತಿಂಗಳ ಕೊನೆಗೆ ಎಂದಿದ್ದಾರೆ. ಡಾಕ್ಟರಮ್ಮ ಮತ್ತೆ ಕರೆದು ಗಾಜಿನ ಗೂಡಿನಲ್ಲಿ ಕೂರಿಸಿ ಕಿವಿಗೆ ಬಟ್ಟಲು ಕಟ್ಟಿದಳು. ಸದ್ದು ಬಂದರೆ ಗುಂಡಿ ಒತ್ತಬೇಕು. ಬಂದದ್ದು ಹೊರಗಿನ ಸದ್ದೋ ನನ್ನೊಳಗಿನದೋ ಹೇಗೆ ಹೇಳಲಿ? ಕಿವುಡರಿಗೆ ಲೋಕವೆಲ್ಲ ಸದ್ದಿಲ್ಲದೆ ಇರುತ್ತದೆ ಎಂದುಕೊಂಡಿದ್ದಾರೆ ಜನ. ಎಲ್ಲಿಯ ಮಾತು! ನನ್ನ ತಲೆಯೊಳಗೆ ಮೆಷೀನು ಇನ್ನೂ ತಂತಿ ನುಂಗುತ್ತಿದೆ, ಮೊಳೆ ಉಗುಳುತ್ತಿದೆ. ಅದಕ್ಕೆ ಯಾರೂ ವಯಸ್ಸಾಯಿತು ಮನೆಗೆ ಹೋಗು ಎನ್ನಲಿಲ್ಲ.

ಗೂಡಿನಲ್ಲಿ ಕೂತಾಗ ಒಂದು ಯೋಚನೆ ಬಂತು. ನಿನ್ನ ಮುಖ ಕಣ್ಣಿಗೆ ಬರುತ್ತದೆ. ನೀನು ಮಾತಾಡುವಾಗ ಹುಬ್ಬು ಏರಿಸುವುದು, ನಗುವಾಗ ಕೈ ಅಡ್ಡ ಹಿಡಿಯುವುದು, ಬಾಯಿ ಆಡುವುದು, ಎಲ್ಲ ಕಾಣುತ್ತದೆ. ಧ್ವನಿ ಮಾತ್ರ ಬರುವುದಿಲ್ಲ. ತೆಳ್ಳಗಿತ್ತೋ, ದಪ್ಪಗಿತ್ತೋ? ಗಿಡ್ಡಿಯನ್ನು ಕೇಳಿದೆ. "ನಿನ್ನ ಧ್ವನಿ ಥರಾನೇ ಕಣೇ, ಸ್ವಲ್ಪ ಎಣ್ಣೆ ಬಿಟ್ಟ ಹಾಗೆ" ಅಂದಳು. ನನ್ನ ಧ್ವನಿ ಹೇಗಿದೆ ಎಂಬುದೂ ನನಗೆ ಮರೆತಿದೆ.

ನೀನು ಚಿಕ್ಕವಳಿದ್ದಾಗ, ನಾನು ಕಾರ್ಖಾನೆಯಿಂದ ಬಂದು ಕೂತ ತಕ್ಷಣ ನನ್ನ ಗದ್ದ ಹಿಡಿದು ನಿನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಆಮೇಲೆಯೇ ನಿನ್ನ ಮಾತು. ನಾನು ಬೇರೆ ಕಡೆ ನೋಡಿದರೆ ಮತ್ತೆ ಗದ್ದ. ನಮ್ಮವರೆಲ್ಲ ನಿನ್ನನ್ನು ಮೊಳೆ ಎಂದು ಕರೆದದ್ದು ಅದಕ್ಕೇ. ಸಣ್ಣಗೆ, ಚೂಪಗೆ, ಹಿಡಿದರೆ ಬಿಡದ ಹಾಗೆ. ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೋ. ಕೇಸಿಗೆ ಇದು ಬೇಕಿಲ್ಲ.

ಬರೆಯುವುದಿಲ್ಲ ಎಂದಾದರೆ ಅದನ್ನಾದರೂ ಬರೆದು ತಿಳಿಸು.

ಅಮ್ಮ


ಮಾರ್ಚ್ ೩೦

ಅಮ್ಮ,

ಬರೆಯಬಾರದು ಎಂದೇ ಇದ್ದೆ. ಗದ್ದದ ಮಾತು ಓದಿ ನಿಂತುಬಿಟ್ಟೆ.

ನನ್ನ ಜೊತೆ ಕೆಲಸ ಮಾಡುವವಳಿಗೆ ಒಂದು ಪುಟ್ಟ ಮಗುವಿದೆ. ಅದು ಅಡುಗೆಮನೆಯಲ್ಲಿರುವ ಅಮ್ಮನನ್ನು ಹೊರಗಿನಿಂದಲೇ ಕೂಗುತ್ತದೆ. ಅವಳು ತಿರುಗದೆಯೇ "ಆಂ, ಏನೋ?" ಎನ್ನುತ್ತಾಳೆ. ಅಷ್ಟೇ. ಮೊನ್ನೆ ನಿನ್ನ ಕಾಗದ ಕೈಯಲ್ಲಿ ಹಿಡಿದು ಅದನ್ನು ನೋಡುತ್ತ ಕೂತೆ. ನಾನು ಎಂದೂ ನಿನ್ನನ್ನು ಹಾಗೆ ಕೂಗಲಿಲ್ಲ ಅಮ್ಮ. ಗದ್ದ ತಿರುಗಿಸದಿದ್ದರೆ ಅಮ್ಮಂದಿರು ಮಾತಾಡುವುದಿಲ್ಲ ಎಂದೇ ನಾನು ತಿಳಿದಿದ್ದೆ. ಎಲ್ಲ ಮಕ್ಕಳೂ ಹಾಗೇ ಮಾಡುತ್ತಾರೆ ಎಂದುಕೊಂಡಿದ್ದೆ.

ಹಾಗೆ ಮಾಡದೆ ಕೂಗಿದ್ದು ಒಂದೇ ಸಲ. ಹೊರಟ ದಿನ. ನೀನು ಬಸ್ಸಿನವರೆಗೆ ಚೀಲ ಹೊತ್ತು ತಂದು, ಮಾತಿಲ್ಲದೆ ಇಳಿಸಿ, ತಿರುಗಿ ನಡೆದೆ. ನಾನು ಕಿಟಕಿಯಿಂದ ಕೂಗಿದೆ. ಅಮ್ಮಾ ಎಂದು. ಬಸ್ಸಿನವರೆಲ್ಲ ನನ್ನನ್ನೇ ನೋಡಿದರು. ನೀರಿನ ಟ್ಯಾಂಕಿನ ಹತ್ತಿರ ಸೈಕಲ್ ತುಳಿಯುತ್ತಿದ್ದವನೂ ನಿಂತು ತಿರುಗಿದ. ನೀನು ತಿರುಗಲಿಲ್ಲ. ಕೂಗುತ್ತಲೇ ಇದ್ದೆ. ಬಸ್ಸು ಹೊರಟಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಬಿಡು ಮಗಾ, ಕಲ್ಲು ಕರಗಲ್ಲ" ಅಂದರು. ಮೂರು ವರ್ಷ ನಾನು ಆ ಮಾತನ್ನೇ ನಂಬಿದೆ.

ಹೇಳಿಕೆ ಬರೆದು ಸಹಿ ಹಾಕಿ ಜೊತೆಗಿಟ್ಟಿದ್ದೇನೆ. ಗದ್ದದ ವಿಷಯ, ಬಸ್ಸಿನ ವಿಷಯ, ಎರಡೂ ಇದೆ. ಅಧಿಕಾರಿಗೆ ಅದು ಸಾಕಾಗಬಹುದು. ನನಗೆ ಬೇಕಾದ್ದು ಬೇರೆ. ಅವತ್ತು ನಾನು ಕೂಗಿದ್ದು ನಿನಗೆ ಕೇಳಿಸಿತ್ತಾ? ಕೇಸಿಗಾಗಿ ಹೇಳಬೇಡ. ನನಗೆ ಹೇಳು.

ನಿನ್ನ ಮಗಳು


ಏಪ್ರಿಲ್ ೬

ಕೂಗಿದ್ದೆಯಾ?

ನಾನು ಬೇಕೆಂದೇ ನಿಧಾನವಾಗಿ ನಡೆದೆ ಕಣೇ. ಒಂದು ಸಲ ಅಮ್ಮಾ ಎಂದರೆ ಸಾಕು, ತಿರುಗಿಬಿಡುತ್ತೇನೆ, ಕೋಪ ಮಣ್ಣಿಗೆ ಹೋಗಲಿ ಎಂದುಕೊಂಡೇ ಹೆಜ್ಜೆ ಹಾಕಿದೆ. ನೀರಿನ ಟ್ಯಾಂಕು ದಾಟಿದೆ. ಸೈಕಲಿನವನು ನಿಂತು ನನ್ನ ಹಿಂದಕ್ಕೆ ನೋಡಿದ್ದನ್ನು ಕಂಡೆ. ಇವನೇನು ನೋಡುತ್ತಾನೆ ಎಂದು ಅವನನ್ನೇ ದುರುಗುಟ್ಟಿ ನೋಡಿದೆ. ಮೂಲೆಯಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪ ಮಾಡಿ ನಿಂತೆ. ಚಪ್ಪಲಿಗೆ ಏನೂ ಆಗಿರಲಿಲ್ಲ. ಇಷ್ಟು ಹೊತ್ತಾದರೂ ಕೂಗಲಿಲ್ಲವಲ್ಲ, ಇವಳಿಗೆ ನಾನು ಬೇಡವಾದೆ, ಹೋಗಲಿ, ಎಂದು ಮೂಲೆ ತಿರುಗಿದೆ.

ಆ ಅಜ್ಜಿ ಸಿಕ್ಕರೆ ಹೇಳು, ಕಲ್ಲಿಗೆ ಕಿವಿ ಇರಲಿಲ್ಲ ಎಂದು.

ಅಮ್ಮ ಎನ್ನುವಾಗ ಎರಡು ತುಟಿಯೂ ಕೂಡುತ್ತವೆ. ಬಾಯಿ ನೋಡಿ ತಿಳಿಯುವವರಿಗೆ ಅದಕ್ಕಿಂತ ಸುಲಭದ ಮಾತು ಇನ್ನೊಂದಿಲ್ಲ. ಮುಖ ಕಾಣಬೇಕು, ಅಷ್ಟೆ.

ಇವತ್ತು ಇಷ್ಟೇ ಬರೆಯಲು ಆಗುವುದು.

ನಿನ್ನ ಅಮ್ಮ


ಏಪ್ರಿಲ್ ೨೮

ಮಗಳೇ,

ನಿನ್ನೆ ವಿಚಾರಣೆ ಆಯಿತು. ಉದ್ದ ಕೋಣೆ, ಕಿಟಕಿಗೆ ಬೆನ್ನು ಹಾಕಿ ಅಧಿಕಾರಿ. ಬೆಳಕು ಅವರ ಹಿಂದೆ, ಮುಖವೆಲ್ಲ ಕತ್ತಲು, ನನಗೆ ಒಂದಕ್ಷರ ತಿಳಿಯಲಿಲ್ಲ. "ಸ್ವಾಮಿ, ಈ ಕಡೆ ಬಂದು ಕೂತ್ಕೊಳ್ಳಿ, ಇಲ್ಲಾ ಪರದೆ ಎಳೀರಿ" ಅಂದೆ. ವಕೀಲ ನನ್ನ ಕೈ ಚಿವುಟಿದ. ಅಧಿಕಾರಿ ಒಳ್ಳೆಯವರು, ಕುರ್ಚಿ ಎಳೆದುಕೊಂಡು ಈ ಕಡೆ ಬಂದರು.

ಮೀಸೆ ಡಾಕ್ಟರೂ ಬಂದಿದ್ದ. ಅವನ ಪಕ್ಕ ನಮ್ಮ ಡಾಕ್ಟರಮ್ಮ. ಇಬ್ಬರ ನಡುವೆ ನನ್ನ ಕಿವಿಯ ನಕ್ಷೆ, ಮೇಲಿಂದ ಕೆಳಕ್ಕೆ ಇಳಿಯುವ ಒಂದು ಗೆರೆ. ಅವಳು ಬೆರಳಿಟ್ಟು ಇಲ್ಲಿ ತಗ್ಗಿದೆ, ಇದು ಸದ್ದಿನ ಗುರುತು ಎಂದಳು, ಅವನು ಇದ್ದರೇನು ಎಂದ. ಅಷ್ಟಕ್ಕೆ ಅರ್ಧ ಹೊತ್ತು ಹೋಯಿತು.

ಆಮೇಲೆ ಅಧಿಕಾರಿ ನನ್ನನ್ನು ನೋಡಿ, "ನೀವೇ ಡಾಕ್ಟ್ರಿಗೆ ಹೇಳಿದ್ದೀರಂತಲ್ಲಮ್ಮಾ, ಮಗಳ ಮಾತೆಲ್ಲ ಕೇಳ್ತಿತ್ತು ಅಂತ?" ಅಂದರು.

"ಕೇಳ್ತಿತ್ತು ಅನ್ಲಿಲ್ಲ ಸ್ವಾಮಿ. ಕೇಳ್ತಿದ್ದೆ ಅಂದೆ."

"ಎರಡೂ ಒಂದೇ ಅಲ್ವೇನಮ್ಮಾ?"

"ನಿಮಗೆ ಮಕ್ಕಳಿದ್ದಾರಾ ಸ್ವಾಮಿ?"

"ಇದ್ದಾರೆ."

"ನೀವು ಹೇಳಿದ್ದು ಅವರಿಗೆ ಕೇಳುತ್ತಾ?"

"ಕೇಳುತ್ತೆ."

"ಕೇಳ್ತಾರಾ?"

ಅಧಿಕಾರಿ ನಕ್ಕುಬಿಟ್ಟರು. ಮೀಸೆ ಡಾಕ್ಟರ ಮೀಸೆಯೂ ಅಲುಗಿತು. "ಕೇಳಲ್ಲಮ್ಮಾ, ಎಲ್ಲಿ ಕೇಳ್ತಾರೆ" ಅಂದರು ಅಧಿಕಾರಿ.

"ಹಾಗೇ ನಾನೂ. ಈ ಡಾಕ್ಟ್ರ ಮುಂದೆ ಮಾನ ಉಳಿಸಿಕೊಳ್ಳೋಕೆ, ಕೇಳ್ತಿದ್ದೆ ಅಂತ ಸುಳ್ಳು ಹೇಳಿದೆ. ಅವಳ ಮಾತು ನಾನು ಕೇಳ್ತಿರಲಿಲ್ಲ, ನನಗೆ ಕೇಳ್ತಾನೂ ಇರಲಿಲ್ಲ. ಎರಡೂ ಇಲ್ಲ. ಬರ್ಕೊಳ್ಳಿ."

ಬರೆದುಕೊಂಡರು. ಆಮೇಲೆ ಗುಮಾಸ್ತ ನಿನ್ನ ಹೇಳಿಕೆ ತೆಗೆದು ಜೋರಾಗಿ ಓದಿದ. ತಲೆ ತಗ್ಗಿಸಿ ಓದಿದ, ನನಗೆ ಕಂಡದ್ದು ಅವನ ಬೋಳು ನೆತ್ತಿ. ಆದರೆ ಆಚೆ ಗೋಡೆಯ ಬೆಂಚಿನಲ್ಲಿ ಗಿಡ್ಡಿ ಕೂತಿದ್ದಳು. ಮೆಷೀನಿನ ಮುಂದೆ ಮಾತಾಡುತ್ತಿದ್ದ ಹಾಗೆ, ಉಸಿರು ಬಿಡದೆ, ಅವನು ಓದಿದ್ದನ್ನೆಲ್ಲ ಬರೀ ಬಾಯಲ್ಲಿ ನನಗೆ ಹೇಳುತ್ತ ಹೋದಳು. ಬಸ್ಸಿನ ಮಾತು ಬಂದಾಗ ಅವಳ ತುಟಿ ಎರಡೂ ಕೂಡಿದವು. ತೆರೆದವು. ಮತ್ತೆ ಕೂಡಿದವು. ಮತ್ತೆ.

ಅಷ್ಟು ಜನರ ಮುಂದೆ, ಮೂರು ವರ್ಷ ತಡವಾಗಿ, ನೀನು ಕೂಗಿದ್ದು ನನಗೆ ಗಿಡ್ಡಿಯ ಬಾಯಲ್ಲಿ ಸಿಕ್ಕಿತು. ತಿರುಗಿ ನೋಡಿದೆ ಕಣೇ. ಸುಮ್ಮನೆ, ಬಾಗಿಲ ಕಡೆ. ಅಲ್ಲಿ ಯಾರಿದ್ದಾರೆ? ಒಬ್ಬ ಜವಾನ ಬೀಡಿ ಸೇದುತ್ತ ನಿಂತಿದ್ದ.

ತೀರ್ಪು ಆಮೇಲೆ ಕಳಿಸುತ್ತಾರಂತೆ. ಹೊರಗೆ ಬಂದಾಗ ಮೀಸೆ ಡಾಕ್ಟರು ನನ್ನ ಎದುರಿಗೆ ನಿಂತು, ಮೀಸೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಹುಷಾರಾಗಿ ಹೋಗಿ ಬನ್ನಿ ಅಮ್ಮಾ" ಅಂದ. ಸಾಯಲಿ, ಅವನ ಮೇಲೆ ಇನ್ನು ಕೋಪ ಮಾಡಲೂ ಆಗುವುದಿಲ್ಲ.

ನಿನ್ನ ಅಮ್ಮ


ಜೂನ್ ೧೪

ಮೊಳೆ,

ತೀರ್ಪು ಬಂತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅರ್ಧ ಕಿವಿ ಕಾರ್ಖಾನೆ ತಿಂದಿದೆ, ಅರ್ಧ ವಯಸ್ಸು ತಿಂದಿದೆ ಎಂದು ಬರೆದಿದ್ದಾರೆ. ಇಬ್ಬರು ಡಾಕ್ಟರಿಗೂ ಮರ್ಯಾದೆ ಆಯಿತು. ವಕೀಲ ಗೆದ್ದೆವು ಎನ್ನುತ್ತಾನೆ, ಗಿಡ್ಡಿ ಮೋಸ ಎನ್ನುತ್ತಾಳೆ. ನನಗೆ ಎರಡೂ ಸರಿ ಅನ್ನಿಸುತ್ತದೆ.

ಬರುವ ಪರಿಹಾರದಲ್ಲಿ ಮೆಷೀನು ಒಂದೇ ಕಿವಿಗೆ ಸಾಲುತ್ತದೆ. ಡಾಕ್ಟರಮ್ಮ ಅಳತೆ ತೆಗೆಯಲು ಕೂರಿಸಿಕೊಂಡು, "ಎರಡೂ ಕಿವಿ ಒಂದೇ ಥರ ಹೋಗಿದೆ ಅಮ್ಮಾ. ಯಾವುದಕ್ಕೆ ಹಾಕ್ಲಿ, ನೀವೇ ಹೇಳಿ" ಅಂದಳು.

ನೀನು ಕೂಗಿದ ಕಡೆಯ ಕಿವಿಗೇ ಹಾಕಿಸೋಣ ಎಂದು ಯೋಚನೆ ಮಾಡಿದೆ. ಅವತ್ತು ನಾನು ಬಸ್ಸಿನ ಮುಂಭಾಗದಿಂದ ಹೊರಟು ಟ್ಯಾಂಕಿನ ಕಡೆ ನಡೆದೆ. ನೀನು ಕೂತ ಕಿಟಕಿ ನನಗೆ ಎಡಕ್ಕಿತ್ತೋ, ಬಲಕ್ಕಿತ್ತೋ? ನಿನ್ನ ಕಾಗದ ಬಂದಾಗಿನಿಂದ ಎಷ್ಟು ಸಲ ಆ ದಾರಿಯಲ್ಲಿ ಹೋಗಿ ನಿಂತು ನೋಡಿದ್ದೇನೆ. ಬಸ್ಸು ನಿಲ್ಲುವ ಜಾಗವನ್ನೇ ಬದಲಾಯಿಸಿಬಿಟ್ಟಿದ್ದಾರೆ. ಹಣ್ಣಿನವನೊಬ್ಬ, "ಏನಜ್ಜಿ, ಏನಾದ್ರೂ ಕಳ್ಕೊಂಡ್ರಾ?" ಅಂದ. "ನಿನಗ್ಯಾಕೋ" ಅಂದೆ.

"ನನ್ನ ಮಗಳನ್ನ ಕೇಳಿ ಹೇಳ್ತೀನಿ, ಅಲ್ಲೀವರೆಗೂ ಹಾಕಬೇಡಿ" ಎಂದು ಡಾಕ್ಟರಮ್ಮನಿಗೆ ಹೇಳಿ ಎದ್ದು ಬಂದಿದ್ದೇನೆ. ಅವಳು ನಕ್ಕಳು. "ಮಗಳ ಮಾತು ಕೇಳ್ತೀರಾ?" ಅಂದಳು. ಅವಳ ಬಾಯಿ ಪೂರ್ತಿ ಕಾಣುತ್ತಿತ್ತು, ಈ ಸಲ ತಪ್ಪು ತಿಳಿಯಲಿಲ್ಲ.

ನಾನು ಹುಟ್ಟಿದಾಗಿನಿಂದ ಯಾರ ಹತ್ತಿರವೂ ಏನೂ ಕೇಳಿದವಳಲ್ಲ. ಆ ಸೂಪರ್‌ವೈಸರನ ಹತ್ತಿರ ಒಂದು ಸಲ ಕೇಳಿದೆ, ಅದು ನಿನಗೆ ಬೇಡದ್ದು. ಈಗ ನಿನ್ನನ್ನು ಕೇಳುತ್ತಿದ್ದೇನೆ. ಯಾವ ಕಿವಿ?

ಕಾಗದದಲ್ಲಿ ಬರೆಯಬೇಡ. ಫೋನು ಮಾಡಬೇಡ, ತಿಳಿಯುವುದಿಲ್ಲ. ಬಾಗಿಲಿನಿಂದ ಕೂಗಲೂ ಬೇಡ. ನಾನು ಒಲೆಯ ಮುಂದೆ ಬಾಗಿಲಿಗೆ ಬೆನ್ನು ಹಾಕಿ ಕೂತಿರುತ್ತೇನೆ, ಗೊತ್ತಲ್ಲ. ಸೀದಾ ಒಳಗೆ ಬಾ. ಗದ್ದ ಹಿಡಿದು ತಿರುಗಿಸು.

ನಿನ್ನ ಅಮ್ಮ